ಹುಣಸೆಹಣ್ಣಿನಲ್ಲಿ ತೊಳೆದ ರೂಪಾಯಿ

ಶರಣ ಬಂಧುಗಳೇ, ಮಠದ ಈ ಪ್ರವಚನದಲ್ಲಿ ಇಷ್ಟು ಹೊತ್ತು ಕ್ಷಮಿಸುವುದರ ಬಗ್ಗೆ ಮಾತಾಡಿದೆವು. ಕ್ಷಮಿಸುವವನು ದೊಡ್ಡವನು ಎಂದಾಗ ನೀವೆಲ್ಲ ತಲೆದೂಗಿದಿರಿ. ತಲೆದೂಗುವುದು ಸುಲಭ. ಯಾಕೆ ಹೇಳಿ? ಕ್ಷಮಿಸುವವನ ಗದ್ದುಗೆಯ ಮೇಲೆ ಪ್ರತಿಯೊಬ್ಬರೂ ತಮ್ಮನ್ನೇ ಕೂರಿಸಿಕೊಂಡು ಕೇಳಿದಿರಿ. ಈಗ ಆ ಗದ್ದುಗೆಯಿಂದ ಸ್ವಲ್ಪ ಕೆಳಗಿಳಿದು ಕೂತುಕೊಳ್ಳಿ. ಕ್ಷಮೆ ಕೇಳಬೇಕಾಗಿದ್ದವನ ಕಥೆಯೊಂದನ್ನು ಹೇಳುತ್ತೇನೆ. ನಗಿಸುವ ಕಥೆಯಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೆಣಸಿನಕಾಯಿ ಪೇಟೆಯಿದ್ದ ಒಂದು ಊರು. ಆ ಪೇಟೆಯಲ್ಲೊಬ್ಬ ದೊಡ್ಡ ಸಾಹುಕಾರ, ಮುರಿಗೆಪ್ಪ ಅಂತ. ಸುಗ್ಗಿ ಬಂತೆಂದರೆ ಅವನ ಅಂಗಡಿಯ ಮುಂದೆ ಕೆಂಪು ಗುಡ್ಡ ಏಳುತ್ತಿತ್ತು. ಹಾದು ಹೋಗುವವರು ಸೀನುತ್ತಲೇ ನಮಸ್ಕಾರ ಹೇಳುತ್ತಿದ್ದರು. ಒಂದು ಕಾಯಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು, ಇದು ಯಾವ ಸೀಮೆಯ ಮಣ್ಣಿನದು, ನೀರು ಚಿಮುಕಿಸಿ ತೂಕ ಹೆಚ್ಚಿಸಿದ್ದೋ ಅಲ್ಲವೋ, ಎಲ್ಲ ಹೇಳುತ್ತಿದ್ದ. ಪೇಟೆಯವರು ‘ಸಾವ್ಕಾರ್ರ ಕಣ್ಣು’ ಅನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ಅವನಿಗೂ ತನ್ನ ಕಣ್ಣಿನ ಮೇಲೆ ಭಕ್ತಿ ಹುಟ್ಟಿತ್ತು. ಗುಡಿಯ ದೇವರ ಮೇಲೂ ಅಷ್ಟು ಇತ್ತೋ ಇಲ್ಲವೋ.

ಈ ಮುರಿಗೆಪ್ಪನಿಗೆ ಒಂದು ಗೀಳು. ಹಳೆಯ ನಾಣ್ಯ ಕೂಡಿಸುವುದು. ಅದರಲ್ಲೂ ಪ್ರೂಫ್ ನಾಣ್ಯ. ಹಾಗೆಂದರೇನು ಅಂತ ನಿಮಗೆ ತಿಳಿಯಬೇಕು, ಇಲ್ಲವಾದರೆ ಕಥೆ ತಲೆಗೆ ಹತ್ತುವುದಿಲ್ಲ. ನಾವು ದಿನಾ ಕೈಯಲ್ಲಿ ಹಿಡಿಯುವುದು ಚಲಾವಣೆಯ ನಾಣ್ಯ. ಟಂಕಸಾಲೆಯಲ್ಲಿ ಯಂತ್ರ ದಡದಡ ಹೊಡೆಯುತ್ತದೆ, ನಾಣ್ಯ ಒಂದರ ಮೇಲೊಂದು ಉದುರುತ್ತದೆ, ಚೀಲ ಸೇರುತ್ತದೆ, ಸಂತೆಗೆ ಹೊರಡುತ್ತದೆ. ಪ್ರೂಫ್ ನಾಣ್ಯ ಹಾಗಲ್ಲ. ಅದರ ಅಚ್ಚನ್ನು ಕನ್ನಡಿಯಂತೆ ಉಜ್ಜಿರುತ್ತಾರೆ, ಬೆಳ್ಳಿಯ ಬಿಲ್ಲೆಯನ್ನೂ ಉಜ್ಜಿರುತ್ತಾರೆ, ಆಮೇಲೆ ನಿಧಾನವಾಗಿ, ಒಂದಕ್ಕೆ ಎರಡು ಸಲ ಒತ್ತುತ್ತಾರೆ. ಅದು ಸಂತೆಗೆ ಹೋಗುವುದಿಲ್ಲ. ಕೈಯಿಂದ ಕೈಗೆ ದಾಟುವುದಿಲ್ಲ. ಹುಟ್ಟಿದ ದಿನದಿಂದ ಪೆಟ್ಟಿಗೆಯಲ್ಲೇ ಇರುತ್ತದೆ.

ಮುರಿಗೆಪ್ಪನ ಹತ್ತಿರ ಅಂಥ ಒಂದು ರಾಣಿ ರೂಪಾಯಿ ಇತ್ತು, ಬ್ರಿಟಿಷರ ಕಾಲದ್ದು, ರಾಣಿಯ ಮುಖ ಒತ್ತಿದ್ದು. ಮುಂಬಯಿಯ ಹಳೆಯ ಮನೆತನವೊಂದರಿಂದ ತಂದದ್ದು. ಸಾಮಾನ್ಯ ರಾಣಿ ರೂಪಾಯಿ ನಿಮ್ಮಲ್ಲಿ ಎಷ್ಟೋ ಜನರ ದೇವರ ಜಗಲಿಯ ಮೇಲೆ ಇದ್ದೀತು, ಅಜ್ಜಿಯ ಸರದಲ್ಲಿ ಇದ್ದೀತು. ಇದು ಅದೇ ವರ್ಷದ್ದು, ಅದೇ ಬೆಳ್ಳಿ, ಅದೇ ರಾಣಿ. ಆದರೆ ಹಿಡಿದರೆ ನಿಮ್ಮ ಮುಖ ಅದರಲ್ಲಿ ಕಾಣಿಸುತ್ತಿತ್ತು. ರಾಣಿಯ ಮುಖ ಮಾತ್ರ ಮಂಜು ಕವಿದ ಹಾಗೆ ತಣ್ಣಗೆ ಬೆಳ್ಳಗೆ.

ಅವನಿಗೆ ಒಬ್ಬಳೇ ತಂಗಿ. ಪಾರವ್ವ. ತಂದೆತಾಯಿ ತೀರಿಕೊಂಡ ಮೇಲೆ ಅವಳ ಮದುವೆ ಮಾಡಿದವನು ಮುರಿಗೆಪ್ಪನೇ. ಗಂಡ ಬಸಲಿಂಗಪ್ಪ ಬಸ್ಸಿನಲ್ಲಿ ಅರ್ಧ ದಿನದ ಹಾದಿಯ ಊರಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ. ಬಡವನಲ್ಲ, ಶ್ರೀಮಂತನೂ ಅಲ್ಲ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ದೀಪಾವಳಿಗೆ ಗಂಡ ಹೆಂಡತಿ ಇಬ್ಬರೂ ತವರಿಗೆ ಬರುವುದು ರೂಢಿ. ಪಾಡ್ಯದ ದಿನ ಪಾರವ್ವ ಅಣ್ಣನಿಗೆ ಆರತಿ ಬೆಳಗದೆ ಆ ಮನೆಯಲ್ಲಿ ಯಾರೂ ಹೋಳಿಗೆ ಮುಟ್ಟುತ್ತಿರಲಿಲ್ಲ.

ಆ ವರ್ಷವೂ ಬಂದರು. ಬಂದ ಸಂಜೆ ಮುರಿಗೆಪ್ಪ ಕಪಾಟು ತೆಗೆದು ಆ ರೂಪಾಯಿಯನ್ನು ಮೈದುನನಿಗೆ ತೋರಿಸಿದ. ಬಸಲಿಂಗಪ್ಪ ಜೇಬಿನಿಂದ ತನ್ನ ಗಡಿಯಾರದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದ. ನೋಡುತ್ತ ಮೈಮರೆತ.

“ಅಣ್ಣಾರ, ಚಲಾವಣಿ ರೂಪಾಯಿನ ಹಿಂಗ ತಿಕ್ಕಿ ತಿಕ್ಕಿ ಹೊಳಪು ಮಾಡಿದ್ರ, ಅದೂ ಪ್ರೂಫ್ ಆಗಂಗಿಲ್ಲೇನ್ರಿ?”

ಮುರಿಗೆಪ್ಪ ಗಹಗಹಿಸಿ ನಕ್ಕ. “ಕಳ್ಳರು ಹಂಗs ಮಾಡಿ ಮಾರ್ತಾರಪಾ. ಆದ್ರ ನನ್ನ ಕಣ್ಣಿಗೆ ಮಣ್ಣು ಎರಚಾಕ ಆಗಂಗಿಲ್ಲ. ತಿಕ್ಕಿದ್ದು ಎಲ್ಲಾ ಕಡೆ ಒಂದs ಸಮ ಹೊಳೀತೈತಿ, ಮಕಾನೂ ಹೊಳೀತೈತಿ, ಮಕದ ಸುತ್ತಲಿನ ನೆಲಾನೂ ಹೊಳೀತೈತಿ. ಮ್ಯಾಲ ಕೂದಲೆಳಿ ಹಂಗ ಗೀರು ಬೀಳ್ತಾವ. ಇನ್ನ ಬದಿ ನೋಡು. ಚಲಾವಣಿದು ದುಂಡಗ ಸವದಂಗ ಇರ್ತೈತಿ. ಪ್ರೂಫಿಂದು ಉಳಿಲೆ ಕಡದಂಗ ಚೌಕ. ಅಕ್ಷರ ನೆಲಕ್ಕ ನೆಟ್ಟ ನಿಂತಿರ್ತಾವ. ಹೊಳಪು ಯಾರ ಬೇಕಾದ್ರೂ ತರಬಹುದು. ಅಚ್ಚು ತರಾಕ ಆಗಂಗಿಲ್ಲ.”

ಕೇಳಿದಿರಾ? ಎಂಥ ಒಳ್ಳೆಯ ಪಾಠ. ಹೊಳಪು ನೋಡಬೇಡ, ಅಚ್ಚು ನೋಡು. ಪಾಠ ಹೇಳಿದವನು ಅವನೇ. ಮರೆತವನೂ ಅವನೇ.

ಮರುದಿನ ಅಮಾವಾಸ್ಯೆ, ಲಕ್ಷ್ಮೀಪೂಜೆ. ಮುರಿಗೆಪ್ಪ ಅಂಗಡಿಯ ಪೂಜೆಗೆ ಹೋಗಿದ್ದ. ಮನೆಯಲ್ಲಿ ಅವನ ಹೆಂಡತಿ ಸುಶೀಲವ್ವ ಪೂಜೆಯ ಬೆಳ್ಳಿ ಬಂಗಾರ ಎಲ್ಲ ತೆಗೆದಳು. ಕಪಾಟಿನ ಕೀಲಿ ಅವಳ ಸೊಂಟದಲ್ಲೇ ಇರುತ್ತಿತ್ತು. ರಾಣಿ ರೂಪಾಯಿಯ ಪೆಟ್ಟಿಗೆಯೂ ಕೈಗೆ ಬಂತು. ಇಷ್ಟು ಚಂದದ ಲಕ್ಷ್ಮಿ ಕತ್ತಲಲ್ಲಿ ಯಾಕಿರಬೇಕು ಅಂತ ಅದನ್ನೂ ತಟ್ಟೆಗೆ ಹಾಕಿದಳು.

“ಪಾರೂ, ದೀಪದ ಸಮೆ, ಆರತಿ, ಈ ರೂಪಾಯಿ, ಎಲ್ಲಾ ತೊಳಕೊಂಡು ಬಾರವಾ.”

“ಆತ್ರಿ ವೈನಿ.”

ಪಾರವ್ವ ಹಿತ್ತಲ ಕಟ್ಟೆಯ ಮೇಲೆ ಕೂತಳು. ಒಂದು ಕೈಯಲ್ಲಿ ಹುಣಸೆಹಣ್ಣು, ಇನ್ನೊಂದು ಕೈಯಲ್ಲಿ ತೆಂಗಿನ ನಾರು, ಪಕ್ಕದಲ್ಲಿ ಒಲೆಯ ಬೂದಿ. ತಾಯಂದಿರೇ, ನೀವು ಹೇಗೆ ತೊಳೆಯುತ್ತೀರೋ ಹಾಗೇ ತೊಳೆದಳು. ದೇವರಿಗೆ ಇಡುವ ವಸ್ತು ಅಂತ ಇನ್ನೂ ನಾಲ್ಕು ಸಲ ಹೆಚ್ಚಿಗೇ ತಿಕ್ಕಿದಳು. ಹಾಡು ಗುನುಗುತ್ತ ತಿಕ್ಕಿದಳು. ಪ್ರೂಫ್ ನಾಣ್ಯವನ್ನು ಬರಿಗೈಯಲ್ಲಿ ಮುಟ್ಟಬಾರದು ಅನ್ನುವುದು ಅವಳಿಗೇನು ಗೊತ್ತು? ಭಕ್ತಿಯಿಂದ ತಿಕ್ಕಿದಷ್ಟೂ ಆ ಕನ್ನಡಿ ಸವೆಯಿತು. ರಾಣಿಯ ಮುಖದ ಮಂಜು ಕರಗಿತು. ರಾತ್ರಿ ದೀಪದ ಬೆಳಕಿನಲ್ಲಿ, ಅರಿಸಿನ ಕುಂಕುಮದ ನಡುವೆ, ಯಾರಿಗೂ ಏನೂ ತಿಳಿಯಲಿಲ್ಲ.

ಪಾಡ್ಯದ ಬೆಳಗ್ಗೆ. ಪಡಸಾಲೆಯಲ್ಲಿ ಮಣೆ ಹಾಕಿದೆ, ರಂಗೋಲಿ ಹಾಕಿದೆ. ಅಕ್ಕಪಕ್ಕದವರು ಬಂದಿದ್ದಾರೆ, ಪೇಟೆಯ ಇಬ್ಬರು ವ್ಯಾಪಾರಿಗಳೂ ಹಬ್ಬದ ಫರಾಳ ತಿನ್ನಲು ಬಂದು ಕೂತಿದ್ದಾರೆ. ಪಾರವ್ವ ಆರತಿ ತಟ್ಟೆಯಲ್ಲಿ ಬತ್ತಿ ಹಚ್ಚುತ್ತಿದ್ದಾಳೆ. ಮುರಿಗೆಪ್ಪ ಸ್ನಾನ ಮುಗಿಸಿ ದೇವರ ಮನೆಗೆ ಹೋದವನು ಆ ರೂಪಾಯಿಯನ್ನು ಕಂಡ. ಎತ್ತಿ ಕಿಟಕಿಗೆ ಹಿಡಿದ. ನೆಲ ಹೊಳೆಯುತ್ತಿದೆ, ಮುಖವೂ ಹೊಳೆಯುತ್ತಿದೆ. ಒಂದೇ ಸಮ. ಮೇಲೆಲ್ಲ ಕೂದಲೆಳೆಯ ಗೀರು.

ಅವನ ಎದೆಯಲ್ಲಿ ಸಿಟ್ಟು ಬಂದು ಕೂತಿತು. ಚಲಾವಣೆಯ ರೂಪಾಯಿಯನ್ನು ತಿಕ್ಕಿ ಇಟ್ಟಿದ್ದಾರೆ. ನನ್ನದನ್ನು ತೆಗೆದುಕೊಂಡಿದ್ದಾರೆ. ಯಾರು? ಮೊನ್ನೆ ಸಂಜೆ ಯಾರು ಕೇಳಿದ್ದು, ತಿಕ್ಕಿದರೆ ಪ್ರೂಫ್ ಆಗುವುದಿಲ್ಲವೇ ಅಂತ? ಎಲ್ಲ ಕೂಡಿಬಂತು. ನೋಡಿ, ಸಂಶಯಕ್ಕೆ ಲೆಕ್ಕ ಬಹಳ ಬೇಗ ಹತ್ತುತ್ತದೆ.

ಹಾಗೇ ಹೊರಗೆ ಬಂದ. “ಬಸಲಿಂಗಪ್ಪಾ, ನನ್ನ ರೂಪಾಯಿ ಎಲ್ಲಿ?”

ಬಸಲಿಂಗಪ್ಪನಿಗೆ ಅರ್ಥವೇ ಆಗಲಿಲ್ಲ. “ಯಾವ ರೂಪಾಯಿ, ಅಣ್ಣಾರ?”

“ಕಲಿಸಿದವನ ಮುಂದ ವಿದ್ಯಾ ತೋರಸ್ತಿಯೇನು? ಚಲಾವಣಿದು ತಿಕ್ಕಿ ಇಟ್ಟು ಪ್ರೂಫ್ ಎತ್ತಿಕೊಂಡೀಯಲ್ಲ, ಅದು.”

ಪಾರವ್ವ ಆರತಿ ತಟ್ಟೆ ಕೆಳಗಿಟ್ಟು ನಡುವೆ ಬಂದಳು. “ಅಣ್ಣಾ, ಏನ್ ಮಾತಾಡ್ತಿ? ಅದs ರೂಪಾಯಿ ಅದು. ನಿನ್ನೆ ಪೂಜಾಕ್ಕಂತ ನಾನs ಹುಣಸೀಹಣ್ಣು ಹಚ್ಚಿ ತೊಳದೀನಿ.”

“ತೊಳದ್ರ ಪ್ರೂಫ್ ಚಲಾವಣಿ ಆಗ್ತೈತೇನು? ನನ್ನ ಕಣ್ಣು ಹೋಗ್ಯಾವಂತ ತಿಳದೀರೇನು ಇಬ್ಬರೂ?”

“ಉರಿಯೋ ದೀಪದಾಣಿ ಅಣ್ಣಾ. ಬದಲ ಮಾಡಿಲ್ಲ. ತೊಳದೀನಿ, ಅಷ್ಟs.”

“ಗಂಡಗ ಕಳ್ಳತನ ಕಲಿಸಿ, ದೀಪದ ಆಣಿ ಮಾಡ್ತಿ. ಕಳ್ಳಿ!”

ಆ ಮಾತು ಪಡಸಾಲೆಯಲ್ಲಿ ಬಿತ್ತು. ನೆರೆಯವರು ಕೇಳಿದರು. ವ್ಯಾಪಾರಿಗಳು ಕೇಳಿದರು. ಬಾಗಿಲ ಹಿಂದೆ ನಿಂತಿದ್ದ ಸುಶೀಲವ್ವನೂ ಕೇಳಿದಳು. ರೂಪಾಯಿ ತೆಗೆದು ಕೊಟ್ಟವಳು ಅವಳು. ತೊಳೆದು ತಂದ ತಟ್ಟೆಯನ್ನು ಕೈಯಾರೆ ಇಸಿದುಕೊಂಡವಳು ಅವಳು. ಒಂದು ಮಾತು ಆಡಬೇಕಿತ್ತು. ಗಂಡನ ಮುಖ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು. ಬಂಧುಗಳೇ, ಬೈದವನದು ಒಂದು ಪಾಪವಾದರೆ, ಗೊತ್ತಿದ್ದೂ ಸೆರಗು ಕಚ್ಚಿ ನಿಂತವರದು ಅದಕ್ಕೆ ಸಮನಾದದ್ದಲ್ಲವೇ?

ಬಸಲಿಂಗಪ್ಪ ತನ್ನ ಚೀಲ ತಂದು ಎಲ್ಲರ ಎದುರು ಸುರುವಿದ. ಎರಡು ಧೋತರ, ಒಂದು ಟವೆಲ್ಲು, ಅಣ್ಣಾರಿಗೆ ಅಂತ ತಾನೇ ದುರಸ್ತಿ ಮಾಡಿ ತಂದಿದ್ದ ಹಳೆಯ ಕೈಗಡಿಯಾರ. ಏನೂ ಸಿಗಲಿಲ್ಲ. ಮುರಿಗೆಪ್ಪ ಏನಂದ ಗೊತ್ತೇ? “ನಿನ್ನೆನs ದಾಟಿಸಿರಬೇಕು.” ಸಿಕ್ಕರೂ ಕಳ್ಳ, ಸಿಗದಿದ್ದರೂ ಕಳ್ಳ!

ಅಂದು ಆರತಿ ಆಗಲಿಲ್ಲ. ಪಾರವ್ವ ಊಟ ಮಾಡದೆ ಗಂಡನ ಹಿಂದೆ ಬಸ್ ನಿಲ್ದಾಣಕ್ಕೆ ನಡೆದಳು.

ಮಾತು ಎಷ್ಟು ದೂರ ನಡೆಯುತ್ತದೆ ಹೇಳಿ ನೋಡೋಣ. ಆ ವ್ಯಾಪಾರಿಗಳು ಪೇಟೆಯಲ್ಲಿ ಹೇಳಿದರು. ಪೇಟೆಗೆ ಬಂದ ಗಾಡಿಯವರು ಬಸಲಿಂಗಪ್ಪನ ಊರಿಗೆ ಒಯ್ದರು. ಗಡಿಯಾರ ರಿಪೇರಿ ಅನ್ನುವುದು ನಂಬಿಕೆಯ ಕೆಲಸ. ಮದುವೆಯಲ್ಲಿ ಬಂದ ಗಡಿಯಾರ, ತೀರಿಹೋದ ಅಪ್ಪನ ಗಡಿಯಾರ, ಬಿಚ್ಚಿ ಒಳಗಿನದೆಲ್ಲ ತೆಗೆದು ವಾರಗಟ್ಟಲೆ ಇಟ್ಟುಕೊಳ್ಳುವವನು. ಹೆಂಡತಿಯ ಅಣ್ಣನ ಮನೆಯಲ್ಲೇ ಬದಲಿ ಮಾಡಿದವನು ನಮ್ಮ ಗಡಿಯಾರದಲ್ಲಿ ಏನು ಬದಲಿ ಮಾಡುತ್ತಾನೋ? ಹಾಗಂತ ಯಾರೂ ಎದುರಿಗೆ ಅನ್ನಲಿಲ್ಲ. ಬರುವುದನ್ನು ಬಿಟ್ಟರು, ಅಷ್ಟೇ. ಮುಂದಿನ ಯುಗಾದಿಗೆ ಬಸಲಿಂಗಪ್ಪ ಅಂಗಡಿಯ ಬೋರ್ಡು ಇಳಿಸಿ, ಒಂದು ಅರಿವೆ ಅಂಗಡಿಯಲ್ಲಿ ಬಟ್ಟೆಯ ಥಾನು ಮಡಚಿ ಇಡುವ ಕೆಲಸಕ್ಕೆ ನಿಂತ.

ಇತ್ತ ಮುರಿಗೆಪ್ಪ ಆ ರೂಪಾಯಿಯನ್ನು ಮೇಜಿನ ಖಾನೆಯಲ್ಲಿ ಬಿಸಾಕಿದ್ದ. ಮತ್ತೆ ನೋಡಿರಲಿಲ್ಲ. ಅಷ್ಟರಲ್ಲಿ ಹುಬ್ಬಳ್ಳಿ ಕಡೆಯ ನಾಣ್ಯಪ್ರಿಯರ ಒಂದು ಸಂಘದವರು ಬಂದು ಕರೆದರು. “ಸಾವ್ಕಾರ್ರ, ಪ್ರೂಫ್ ಯಾವುದು, ಚಲಾವಣಿದು ಯಾವುದು, ಹೆಂಗ ಗುರುತು ಹಿಡೀಬೇಕು ಅಂತ ನಮ್ಮ ಹುಡುಗರಿಗೆ ಒಂದು ಉಪನ್ಯಾಸ ಕೊಡ್ರಿ.” ಮುರಿಗೆಪ್ಪ ಉಬ್ಬಿದ. ಮೋಸದ ಉದಾಹರಣೆಗೆ ಅಂತ ಖಾನೆಯ ರೂಪಾಯಿಯನ್ನೂ ಜೇಬಿಗೆ ಹಾಕಿಕೊಂಡು ಹೋದ.

ಸಭೆ ತುಂಬಿತ್ತು. ಮೇಜಿನ ಮೇಲೆ ಒಂದು ಕ್ಯಾಮೆರಾ. ಅದರ ಕೆಳಗೆ ನಾಣ್ಯ ಇಟ್ಟರೆ ಹಿಂದಿನ ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮುರಿಗೆಪ್ಪ ಚೆನ್ನಾಗಿ ಮಾತಾಡಿದ. ಚಪ್ಪಾಳೆಯೂ ಬಿತ್ತು. ಕೊನೆಗೆ ಆ ರೂಪಾಯಿಯನ್ನು ಇಟ್ಟ.

“ಇದು ತಿಕ್ಕಿದ ಚಲಾವಣಿ ರೂಪಾಯಿ. ನಮ್ಮ ಮನ್ಯಾಗs ಒಬ್ಬರು ನನಗ ಟೋಪಿ ಹಾಕಾಕ ನೋಡಿದ್ದು. ಹೊಳಪು ನೋಡ್ರಿ, ಎಲ್ಲಾ ಕಡೆ ಒಂದs ಸಮ...”

ಅನ್ನುತ್ತ ಪರದೆಯ ಕಡೆ ತಿರುಗಿದ. ತಿರುಗಿದವನು ನಿಂತುಬಿಟ್ಟ.

ಗೋಡೆಯಷ್ಟು ದೊಡ್ಡ ರೂಪಾಯಿ. ಅದರ ಬದಿ ಉಳಿಯಿಂದ ಕಡಿದ ಹಾಗೆ ಚೌಕ. ಅಕ್ಷರಗಳು ನೆಲಕ್ಕೆ ನೆಟ್ಟಗೆ ನಿಂತಿವೆ. ರಾಣಿಯ ಒಂದೊಂದು ಕೂದಲೂ ಬೇರೆ ಬೇರೆ. ಇನ್ನೂ ಒಂದು. ರಾಣಿಯ ಹೆಸರಿನಲ್ಲಿ ಒಂದು ದುಂಡನೆಯ ಇಂಗ್ಲಿಷ್ ಅಕ್ಷರವಿದೆ. ಆ ಅಕ್ಷರದ ಪುಟ್ಟ ಹೊಟ್ಟೆಯೊಳಕ್ಕೆ ತೆಂಗಿನ ನಾರು ಇಳಿದಿರಲಿಲ್ಲ, ಬೂದಿ ಮುಟ್ಟಿರಲಿಲ್ಲ. ಅಲ್ಲಿ, ಅಷ್ಟೇ ಅಷ್ಟು ಜಾಗದಲ್ಲಿ, ಹಳೆಯ ಕನ್ನಡಿ ಕಪ್ಪಗೆ ಆಳವಾಗಿ ಹಾಗೇ ಉಳಿದಿತ್ತು.

ಅದು ಅವನದೇ ರೂಪಾಯಿ. ಯಾರೂ ಬದಲಿ ಮಾಡಿರಲಿಲ್ಲ. ತಂಗಿ ತೊಳೆದಿದ್ದಳು, ಅಷ್ಟೇ.

ಮುಂದಿನ ಸಾಲಿನಿಂದ ಒಬ್ಬ ಯುವಕ ಕೈ ಎತ್ತಿದ. “ಸರ್, ಅಂಚು ಭಾಳ ಶಾರ್ಪ್ ಕಾಣಸ್ತದಲ್ರಿ? ಇನ್ನೊಮ್ಮೆ ತೋರಸ್ತೀರೇನ್ರಿ?”

ಬಂಧುಗಳೇ, ದೇವರು ಬಾಗಿಲು ತೆರೆಯುವುದು ಹೀಗೇ. ಇಲ್ಲಿಯವರೆಗೆ ಮುರಿಗೆಪ್ಪನದು ತಿಳಿಯದೆ ಆದ ತಪ್ಪು. ಸಿಟ್ಟಿನಲ್ಲಿ ಬದಿ ನೋಡಲಿಲ್ಲ, ಆಯಿತು. ಈಗ ತಿಳಿದಿದೆ. ‘ತಡೀರಪ್ಪಾ, ನಾನು ತಪ್ಪಿದೆ, ಇದು ಪ್ರೂಫ್, ನನ್ನ ತಂಗಿ ಸುಳ್ಳು ಹೇಳಿಲ್ಲ’ ಅಂದಿದ್ದರೆ? ಅಷ್ಟು ಜನರ ಮುಂದೆ ಕಣ್ಣಿನ ಮಾನ ಹೋಗುತ್ತಿತ್ತು. ಬೇರೇನೂ ಹೋಗುತ್ತಿರಲಿಲ್ಲ.

ಮುರಿಗೆಪ್ಪ ರೂಪಾಯಿಯನ್ನು ಕ್ಯಾಮೆರಾದ ಕೆಳಗಿನಿಂದ ಎತ್ತಿ ಮುಷ್ಟಿಯಲ್ಲಿ ಹಿಡಿದ. “ಚಲಾವಣಿದs ಅದು. ಹೊತ್ತಾತು, ಮುಗಸೋಣು,” ಅಂದ.

ಮನೆಗೆ ಬಂದು ಹೆಂಡತಿಯನ್ನು ಕರೆದು ಕೇಳಿದ. ಆಗ ಸುಶೀಲವ್ವ ಬಾಯಿ ಬಿಟ್ಟಳು. “ನಾನs ತಗದು ಕೊಟ್ಟಿದ್ದೆ. ನಾನs ತೊಳಿ ಅಂದಿದ್ದೆ.”

“ಅವತ್ತ ಯಾಕ ಹೇಳಲಿಲ್ಲ?”

“ನಿಮ್ಮ ಮುಂದ ಮಾತಾಡೋ ಧೈರ್ಯ ಈ ಮನ್ಯಾಗ ಯಾರಿಗೆ ಐತ್ರಿ?”

ಅವನು ರೂಪಾಯಿಯನ್ನು ಮತ್ತೆ ಖಾನೆಗೆ ಹಾಕಿದ. ಆಮೇಲೆ ಅಂದ, “ನಾಗರಪಂಚಮಿಗೆ ತವರಿಗೆ ಬರ್ತಾಳಲ್ಲ, ಆವಾಗ ಹೇಳಿದ್ರಾತು.”

ಆವಾಗ ಹೇಳಿದರಾಯಿತು! ಈ ಮಾತು ನಿಮಗೆ ಎಲ್ಲೋ ಕೇಳಿದ ಹಾಗೆ ಅನಿಸುತ್ತಿದೆಯೇ?

ಪಂಚಮಿಗೆ ಪಾರವ್ವ ಬರಲಿಲ್ಲ. ಮುರಿಗೆಪ್ಪ ಆಳಿನ ಕೈಯಲ್ಲಿ ಉಂಡಿ, ಅರಳು, ಒಂದು ಸೀರೆ ಕಳಿಸಿದ. ಬುಟ್ಟಿ ಮುಚ್ಚಿದ್ದು ಮುಚ್ಚಿದ ಹಾಗೇ ತಿರುಗಿ ಬಂತು. ದಸರೆಗೆ ಬೆಳ್ಳಿಯ ಬಟ್ಟಲು ಕಳಿಸಿದ. ಅದೂ ತಿರುಗಿ ಬಂತು. ಒಯ್ದ ಆಳಿನ ಹತ್ತಿರ ಪಾರವ್ವ ಇಷ್ಟೇ ಹೇಳಿದ್ದಳು: “ಬುಟ್ಟಿ ಕಳಸಬ್ಯಾಡ ಅಂತ ಹೇಳಪಾ ಅಣ್ಣಗ. ಮಾತು ಕಳಸು ಅಂತ ಹೇಳು.”

ಕೊನೆಗೆ ಅವನೇ ಹೋದ. ಹೋಗುವಾಗ ಕಾರಿನಲ್ಲಿ ಮಾತುಗಳನ್ನು ಜೋಡಿಸಿಕೊಂಡ. ಪಾರೂ, ನನ್ನದು ತಪ್ಪಾತು. ಅಷ್ಟೇ. ಚಿಕ್ಕ ಮಾತು. ಅಂಥ ದೊಡ್ಡ ವ್ಯಾಪಾರ ಮಾಡಿದವನಿಗೆ ಅಷ್ಟು ಚಿಕ್ಕ ಮಾತು ಆಡಲು ಬರುವುದಿಲ್ಲವೇ?

ಪಾರವ್ವ ನೀರು ಕೊಟ್ಟಳು. ಚಹ ಕೊಟ್ಟಳು. ಸೊರಗಿದ್ದಳು, ಕಣ್ಣಿನ ಬಿಳಿ ಹಳದಿಯಾಗಿತ್ತು; ಮುರಿಗೆಪ್ಪ ಅದನ್ನು ನೋಡಿದ, ನೋಡಿಯೂ ಕೇಳಲಿಲ್ಲ. ಬಸಲಿಂಗಪ್ಪ ಕೆಲಸಕ್ಕೆ ಹೋಗಿದ್ದ. ಮೂಲೆಯಲ್ಲಿ ಅಂಗಡಿಯ ಬೋರ್ಡನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು.

“ಯಾಕ ಬಂದಿ ಅಣ್ಣಾ?”

“ಸುಮ್ಮನ. ಈ ಕಡೆ ಕೆಲಸಿತ್ತು.”

ಅವಳು ಕಾದಳು. ಅವನು ಚಹದ ಬಟ್ಟಲನ್ನು ತಿರುಗಿಸುತ್ತ ಕೂತ.

“ಏನರ ಹೇಳಾಕ ಬಂದೀಯೇನು? ಹೇಳೋದಿದ್ರ ನನಗ ಹೇಳಬ್ಯಾಡ. ನಾ ಏನೋ ಅಣ್ಣ ಅಂತ ನುಂಗಿದೆ. ನಮ್ಮ ಮನಿಯವರ ಮುಂದ ಹೇಳು. ಪ್ಯಾಟಿ ಮಂದಿ ಮುಂದ ಅಂದದ್ದನ್ನ ಪ್ಯಾಟ್ಯಾಗ ಹೇಳು. ಅವರು ಈಗ ಮಂದಿ ಮುಂದ ತಲಿ ಎತ್ತಿ ಮಾತಾಡಂಗಿಲ್ಲ ಅಣ್ಣಾ. ಯಾರ ಮನಿಗೆ ಹ್ವಾದ್ರೂ ಎರಡೂ ಕೈ ಹೊರಗ ಕಾಣೂ ಹಂಗ ಇಟಗೊಂಡು ಕುಂಡರ್ತಾರ.”

ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಶಿವನಾಣೆ, ಬಂದಿತ್ತು. ಪೇಟೆ ಅಂದಳಲ್ಲ, ಅಲ್ಲಿ ಹಿಂದೆ ಸರಿಯಿತು. ಪೇಟೆಯಲ್ಲಿ ನಾನು ತಲೆ ತಗ್ಗಿಸಬೇಕೇ?

“ಈ ಸಲ ಮೆಣಸಿನಕಾಯಿ ರೇಟು ಭಾಳ ಬಿದ್ದೈತವಾ,” ಅಂದ.

ಪಾರವ್ವ ಅವನನ್ನು ಒಂದು ಗಳಿಗೆ ನೋಡಿದಳು. “ಹೌದಾ?” ಅಂದಳು. ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಅವಳು ಮತ್ತೆ ಹೊರಗೆ ಬರುವ ಮುಂಚೆ ಮುರಿಗೆಪ್ಪ ಕಾರು ಹತ್ತಿದ್ದ.

ಚಳಿ ಶುರುವಾಗುವ ಹೊತ್ತಿಗೆ ಸುದ್ದಿ ಬಂತು. ಕಾಮಾಲೆ ವಿಪರೀತಕ್ಕೆ ಏರಿ ಪಾರವ್ವ ಹೋಗಿಬಿಟ್ಟಳು.

ನಮ್ಮಲ್ಲಿ ಪದ್ಧತಿ ನಿಮಗೆ ಗೊತ್ತಿದೆ. ಮುತ್ತೈದೆ ತೀರಿದರೆ ಮಣ್ಣಿಗೆ ಹೋಗುವ ಮುಂಚೆ ತವರಿನ ಸೀರೆ ಬರಬೇಕು. ಹುಟ್ಟಿದ ಮನೆಯ ಕೊನೆಯ ಉಡುಗೊರೆ. ಅದಿಲ್ಲದೆ ಹೋದರೆ, ದಿಕ್ಕಿಲ್ಲದವಳು ಹೋದಳು ಅನ್ನುತ್ತಾರೆ. ಮುರಿಗೆಪ್ಪ ಇಳಕಲ್ಲಿನ ಸೀರೆ ಹಿಡಿದುಕೊಂಡು ಬಂದ. ಅಂಥ ಸೀರೆಯನ್ನು ಬದುಕಿದ್ದಾಗ ಅವಳಿಗೆ ಒಮ್ಮೆಯೂ ಕೊಟ್ಟಿರಲಿಲ್ಲ.

ಪಾರವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಹೆಂಗಸರು ಸುತ್ತ ಕೂತಿದ್ದರು. ಮುರಿಗೆಪ್ಪ ಸೀರೆಯ ಮಡಿಕೆ ಬಿಚ್ಚಿದ. ಬಸಲಿಂಗಪ್ಪ ಎದ್ದು ಬಂದು ಅವನ ಕೈ ಹಿಡಿದ. ಸಿಟ್ಟಿನಿಂದಲ್ಲ. ಮೆಲ್ಲಗೆ.

“ಬ್ಯಾಡ್ರಿ ಅಣ್ಣಾರ.”

“ಯಾಕಪಾ? ತವರಿನ ಸೀರಿ...”

“ಆಕಿ ಹೇಳಿ ಹೋಗ್ಯಾಳ್ರಿ. ‘ಅಣ್ಣ ಸೀರಿ ತರ್ತಾನ. ಉಡಸಬ್ಯಾಡ್ರಿ. ಕಳ್ಳಿಗೆ ತವರು ಇರಂಗಿಲ್ಲ. ಮೊದಲ ಆ ಮಾತು ತಿರುಗಿ ತಗೊಳ್ಳಲಿ, ಆಮ್ಯಾಲ ಉಡಸ್ರಿ’ ಅಂದ್ಲು.”

ಮುರಿಗೆಪ್ಪ ಸೀರೆ ಹಿಡಿದುಕೊಂಡೇ ನೆಲಕ್ಕೆ ಕೂತ. ಆಮೇಲೆ ಬಾಯಿ ತೆರೆದ. ಎಲ್ಲರ ಮುಂದೆ ಹೇಳಿದ. ರೂಪಾಯಿ ಬದಲಿಯಾಗಿರಲಿಲ್ಲ, ನನ್ನದೇ ಇತ್ತು, ನನ್ನ ಮೈದುನ ಕಳ್ಳನಲ್ಲ, ನನ್ನ ತಂಗಿ ಕಳ್ಳಿಯಲ್ಲ. ಪಂಚಮಿಗೆ ಮುಂಚೆಯೇ ನನಗೆ ತಿಳಿದಿತ್ತು, ತಿಳಿದೂ ಬಾಯಿ ಮುಚ್ಚಿಕೊಂಡೆ. ಹೇಳುತ್ತ ಹೇಳುತ್ತ ತಂಗಿಯ ಪಾದ ಹಿಡಿದ. “ಪಾರೂ, ತಪ್ಪಾತವ್ವಾ. ಕೇಳಸ್ತೇನು? ತಪ್ಪಾತು.”

ಪಾದ ತಣ್ಣಗಿತ್ತು.

ಬಸಲಿಂಗಪ್ಪ ಹೆಂಗಸರ ಕಡೆ ತಿರುಗಿ, “ಉಡಸ್ರಿ. ಆಕಿ ಮಾತು ಆತು,” ಅಂದ. ಸೀರೆ ಹೊದಿಸಿದರು. ಆಮೇಲೆ ಅವನು ಮುರಿಗೆಪ್ಪನನ್ನು ನೋಡಿ ಒಂದೇ ಮಾತು ಕೇಳಿದ. “ನೀವು ಆವತ್ತ ಬಂದು ಕುಂತು ಹೋದಿರಂತಲ್ಲ ಅಣ್ಣಾರ. ಆವತ್ತs ತಿಳದಿತ್ತೇನ್ರಿ ನಿಮಗ?”

ಮುರಿಗೆಪ್ಪ ತಲೆ ತಗ್ಗಿಸಿ ಹೌದು ಅಂದ.

“ಆವತ್ತ ನೀವು ಹ್ವಾದ ಮ್ಯಾಲ, ಅಣ್ಣಗ ಚಹ ಚಲೋ ಆಗಿತ್ತೋ ಇಲ್ಲೋ ಅಂತ ರಾತ್ರಿ ಮಟ ಕೇಳಕೊಂತ ಕುಂತಿದ್ಲು,” ಅಂದ ಬಸಲಿಂಗಪ್ಪ. ಅದಾದ ಮೇಲೆ ಅವನು ಮುರಿಗೆಪ್ಪನ ಜೊತೆ ಎಂದೂ ಮಾತಾಡಲಿಲ್ಲ.

ಮುರಿಗೆಪ್ಪ ಊರಿಗೆ ಮರಳಿ, ಪೇಟೆಯ ಕಟ್ಟೆಯ ಮೇಲೆ ನಿಂತು ಹೇಳಿದ. ವ್ಯಾಪಾರಿಗಳು ಕೇಳಿದರು. ದೊಡ್ಡ ಮನುಷ್ಯ, ಪಾಪ, ದುಃಖದಲ್ಲಿದ್ದಾನೆ ಅಂದುಕೊಂಡರು. “ಆಗಿ ಹ್ವಾದದ್ದು ಬಿಡ್ರಿ ಸಾವ್ಕಾರ್ರ” ಅಂತ ಸಮಾಧಾನ ಮಾಡಿ ತೂಕದ ಕಡೆ ತಿರುಗಿದರು. ಕಳ್ಳ ಅನ್ನುವ ಮಾತು ಗಾಡಿ ಹತ್ತಿ ಊರೂರು ಸುತ್ತಿತ್ತು. ಕಳ್ಳನಲ್ಲ ಅನ್ನುವ ಮಾತನ್ನು ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಬಸಲಿಂಗಪ್ಪನ ಅಂಗಡಿ ಮತ್ತೆ ತೆರೆಯಲಿಲ್ಲ. ಮುರಿಗೆಪ್ಪ ಬಹಳ ವರ್ಷ ಬದುಕಿದ. ಅದೇ ಅವನ ಶಿಕ್ಷೆ.

ಕಥೆ ಇಷ್ಟೇ. ಈಗ ನಿಮ್ಮ ಕಡೆ ಬರುತ್ತೇನೆ.

ಮುರಿಗೆಪ್ಪ ಕೆಟ್ಟವನು ಅಂತ ಹೇಳಿ ಕೈ ತೊಳೆದುಕೊಂಡು ಮನೆಗೆ ಹೋಗುವ ಹಾಗಿಲ್ಲ. ಅವನು ಕೆಟ್ಟವನಾಗಿರಲಿಲ್ಲ. ತಂಗಿಯನ್ನು ಪ್ರೀತಿಸುತ್ತಿದ್ದ. ಬುಟ್ಟಿ ಕಳಿಸಿದ, ಬಟ್ಟಲು ಕಳಿಸಿದ, ಕಾರು ತೆಗೆದುಕೊಂಡು ಹೋದ. ನಾವೂ ಇದನ್ನೇ ಮಾಡುವುದಿಲ್ಲವೇ? ಹೆಂಡತಿಯ ಮೇಲೆ ಸಲ್ಲದ ಮಾತಾಡಿ, ಸಂಜೆ ಮಲ್ಲಿಗೆ ಹೂವು ತರುತ್ತೇವೆ. ತಮ್ಮನನ್ನು ಪಂಚರ ಮುಂದೆ ಹಳಿದು, ಅವನ ಮಗಳ ಮದುವೆಗೆ ದೊಡ್ಡ ಪಾತ್ರೆ ಉಡುಗೊರೆ ಕೊಡುತ್ತೇವೆ. ಮನೆಗೆಲಸದವಳ ಚೀಲ ತಡವಿ ನೋಡಿ, ಕಳೆದದ್ದು ನಮ್ಮ ಹಾಸಿಗೆಯ ಕೆಳಗೇ ಸಿಕ್ಕ ಮೇಲೆ, ಅವಳಿಗೆ ಹಳೆಯ ಸೀರೆ ಕೊಟ್ಟು ಮುಗಿಸುತ್ತೇವೆ. ವಸ್ತು ಕೊಡುತ್ತೇವೆ. ಮಾತು ಕೊಡುವುದಿಲ್ಲ. ವಸ್ತು ಕೊಟ್ಟರೆ ನಾವು ದೊಡ್ಡವರಾಗಿಯೇ ಉಳಿಯುತ್ತೇವೆ, ಮಾತು ಕೊಟ್ಟರೆ ಸಣ್ಣವರಾಗಬೇಕಾಗುತ್ತದೆ. ನಾವು ಹೆದರುವುದು ಅದಕ್ಕೆ.

ಆದ್ದರಿಂದ ಇಂದು ನಿಮ್ಮಲ್ಲಿ ನಾನು ಬೇಡುವುದು ಕಾಣಿಕೆಯನ್ನಲ್ಲ. ಯಾರನ್ನಾದರೂ ಅನ್ನುವ ಮುಂಚೆ ಎರಡನೆಯ ಸಲ ನೋಡಿ, ಬೆಳಕಿಗೆ ಹಿಡಿದು ನೋಡಿ, ಒಂದು ರಾತ್ರಿ ಕಳೆಯಲಿ. ಅಂದುಬಿಟ್ಟಿದ್ದರೆ, ಅದು ತಪ್ಪು ಅಂತ ತಿಳಿದಿದ್ದರೆ, ಹಬ್ಬಕ್ಕೆ ಕಾಯಬೇಡಿ. ಅವರು ಬರಲಿ ಅಂತ ಕಾಯಬೇಡಿ. ನೀವೇ ಹೋಗಿ. ಯಾರ ಮುಂದೆ ಅಂದಿರೋ ಅವರ ಮುಂದೆಯೇ ಹೇಳಿ. ನಾಲ್ಕು ಜನರೆದುರು ಅಂದದ್ದನ್ನು ಕಿವಿಯಲ್ಲಿ ಹೇಳಿದರೆ ಅದು ಕ್ಷಮೆಯಲ್ಲ, ಅದು ಗುಟ್ಟು. ಇನ್ನು ಬಾಗಿಲ ಹಿಂದೆ ನಿಂತು ಸೆರಗು ಕಚ್ಚಿದ ತಾಯಂದಿರೇ, ರುಮಾಲು ಕಚ್ಚಿದ ಯಜಮಾನರೇ, ನಿಮಗೂ ಗೊತ್ತಿದೆ, ಯಾವ ಮಾತನ್ನು ನೀವು ಆಡಬೇಕಿತ್ತು ಅಂತ. ಹೊತ್ತು ಇನ್ನೂ ಮೀರಿಲ್ಲದಿದ್ದರೆ ಹೋಗಿ ಆಡಿ.

ಇನ್ನು ಮಂಗಳಾರತಿ ಆಗಬೇಕು, ಪ್ರಸಾದ ಆಗಬೇಕು. ಆಗಲಿ, ಅವಸರವಿಲ್ಲ. ಈಗ ನಿಮ್ಮ ಮನಸ್ಸಿನಲ್ಲಿ ಒಂದು ಮುಖ ಬಂದಿದ್ದರೆ, ಅವರು ಇನ್ನೂ ಉಸಿರಾಡುತ್ತಿದ್ದರೆ, ಆರತಿಗೆ ನಿಲ್ಲಬೇಡಿ. ಎದ್ದು ಹೋಗಿ. ಇಲ್ಲೇ ಕೂತಿದ್ದರೆ ಅವರ ಹತ್ತಿರ ಸರಿದು ಹೋಗಿ. ದೂರದಲ್ಲಿದ್ದರೆ ಮಠದ ಅಂಗಳಕ್ಕೆ ಹೋಗಿ ಫೋನು ಮಾಡಿ. ಕುಶಲ ಕೇಳಬೇಡಿ, ಬೆಳೆ ಹೇಗಿದೆ ಕೇಳಬೇಡಿ. ಮೊದಲ ಮಾತೇ ಅದಾಗಲಿ.

ನಾನು ಸುಮ್ಮನಿರುತ್ತೇನೆ. ಹೋಗುವವರು ಹೋಗಿ.